ಕೋತಿಯನ್ನು ನುಂಗಿದ ಕೋಳಿ ನಮ್ಮದೇ

ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿಯ ಚಿತ್ರ ಬಿಡಿಸುವ ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮ ತಂಗಿಯರೇ,

ಸ್ಕ್ಯಾನ್ ಮಾಡಿಸಲು ನೀವು ತರುವ ಹಾಳೆಗಳನ್ನು ಮೆಷಿನ್ನಿನ ಗಾಜಿನ ಮೇಲೆ ಬೋರಲು ಹಾಕುವ ಮುಂಚೆ ನಾನು ಒಮ್ಮೆ ಕಣ್ತುಂಬ ನೋಡುತ್ತೇನೆ. ಮೀನಿನ ತಲೆಯ ಟ್ರಾಫಿಕ್ ಪೊಲೀಸ್, ಹೊಟ್ಟೆಯೊಳಗೆ ಮೆಟ್ಟಿಲಿರುವ ಅಜ್ಜಿ, ಬಾವಿಯೊಳಕ್ಕೆ ಇಳಿದು ಹೋಗುವ ಸಿಟಿ ಬಸ್ಸು, ಎಲ್ಲ ನೋಡಿದ್ದೇನೆ. ಕನ್ನಡ ಪುಸ್ತಕಗಳ ಪುಟ ಕಟ್ಟುವುದು ನನ್ನ ಕಸುಬು. ದಿನವಿಡೀ ಅಕ್ಷರದ ನಡುವೆ ಇರುವವನಿಗೆ ನಿಮ್ಮ ಚಿತ್ರಗಳು ಬಂದಾಗ ಆಗುವ ಸಂತೋಷ ದೊಡ್ಡದು. ಆದರೆ ನಿಮ್ಮಲ್ಲಿ ಅನೇಕರು ಒಂದೇ ಮಾತು ಹೇಳುತ್ತೀರಿ: "ಅಂಕಲ್, ಇದೆಲ್ಲ ಕನ್ನಡದಲ್ಲಿ ಆಗಲ್ಲ. ನಮ್ಮವರಿಗೆ ಅರ್ಥ ಆಗಲ್ಲ." ಹಾಗಾಗಿ ಮಾತಿನ ಬಲೂನಿನೊಳಗೆ ಇಂಗ್ಲಿಷು, ಹಿನ್ನೆಲೆಯಲ್ಲಿ ಟೋಕಿಯೋದ ಬೀದಿ. ಅಂಗಡಿಯಲ್ಲಿ ನಿಂತುಕೊಂಡು ಉತ್ತರ ಹೇಳಲು ಪುರುಸೊತ್ತಾಗುವುದಿಲ್ಲ. ಅದಕ್ಕೇ ಈ ಪತ್ರ.

ಮೊದಲು ಈ ವಿಚಿತ್ರ ಕಾಮಿಕ್ಸು ನಮ್ಮನ್ನು ಯಾಕೆ ಹೀಗೆ ಹಿಡಿದು ನಿಲ್ಲಿಸುತ್ತದೆ ಅನ್ನುವುದನ್ನು ನೋಡೋಣ. ಅಮೆರಿಕದ ವಿನ್ಸರ್ ಮೆಕೇ 1905ರಲ್ಲಿ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯಲ್ಲಿ 'ಲಿಟಲ್ ನೀಮೋ' ಶುರು ಮಾಡಿದರು. ನೀಮೋ ಎಂಬ ಪುಟ್ಟ ಹುಡುಗನ ಕನಸೇ ಪ್ರತಿ ಭಾನುವಾರದ ಪುಟ. ಕೊನೆಯ ಚೌಕದಲ್ಲಿ ಅವನಿಗೆ ಎಚ್ಚರವಾಗುತ್ತದೆ. 1908ರ ಜುಲೈ ತಿಂಗಳ ಒಂದು ಪುಟದಲ್ಲಿ ಅವನ ಮಂಚದ ಕಾಲುಗಳು ಉದ್ದವಾಗುತ್ತಾ ಹೋಗುತ್ತವೆ. ಮಂಚ ಊರೊಳಗೆ ನಡೆಯುತ್ತದೆ, ಕಟ್ಟಡಗಳ ನೆತ್ತಿಯ ಮೇಲೆ ಹೆಜ್ಜೆ ಹಾಕುತ್ತದೆ. ಆ ಪುಟವನ್ನು ಹತ್ತಿರದಿಂದ ನೋಡಿ. ಮಂಚದ ಕಾಲು ಬೆಳೆದಂತೆ ಚೌಕಗಳ ಎತ್ತರವೂ ಬೆಳೆಯುತ್ತದೆ. ಮಂಚ ಮಾತ್ರ ಮೊದಲಿನ ಮಂಚವೇ, ಮಾಮೂಲಿ ಹಾಸಿಗೆ, ಮಾಮೂಲಿ ಕಟಕಟೆ. ಮೆಕೇ ಒಂದು ಗೆರೆಯನ್ನೂ ಮಸುಕು ಮಾಡಿಲ್ಲ, ಕನಸು ಅಂತ ತೋರಿಸಲು ಮೋಡ ಬಿಡಿಸಿಲ್ಲ. ಇಂಜಿನಿಯರು ಸೇತುವೆಯ ನಕ್ಷೆ ಬರೆಯುವಷ್ಟು ಕರಾರುವಾಕ್ಕಾಗಿ ಆಗದ ಮಾತನ್ನು ಬರೆದಿದ್ದಾರೆ.

ಗುಟ್ಟು ಅಲ್ಲಿದೆ. ವಿಚಿತ್ರವಾದದ್ದನ್ನು ವಿಚಿತ್ರವಾಗಿ ಹೇಳಿದರೆ ಓದುಗ ದೂರ ನಿಂತು ನೋಡುತ್ತಾನೆ. ವಿಚಿತ್ರವಾದದ್ದನ್ನು ರೇಷನ್ ಕಾರ್ಡಿನ ವಿವರದಂತೆ ಸಲೀಸಾಗಿ ಹೇಳಿದರೆ ಒಳಗೆ ಬಂದುಬಿಡುತ್ತಾನೆ. ಸಿನಿಮಾದಲ್ಲಿ ಚಿತ್ರ ನಮ್ಮನ್ನು ಕಾಯುವುದಿಲ್ಲ, ಓಡುತ್ತದೆ. ಕಾಮಿಕ್ಸಿನಲ್ಲಿ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಬಿಳಿ ಗೆರೆಯೊಂದಿದೆ. ಆ ಗೆರೆಯಲ್ಲಿ ಏನು ನಡೆಯಿತು ಎಂಬುದನ್ನು ಓದುವವನೇ ತುಂಬಿಕೊಳ್ಳಬೇಕು. ಮೊದಲ ಚೌಕದಲ್ಲಿ ಹೆಂಗಸು, ಎರಡನೆಯದರಲ್ಲಿ ಅದೇ ಸೀರೆ ಉಟ್ಟ ಹಕ್ಕಿ ಇದ್ದರೆ, ಆ ಮಾರ್ಪಾಟನ್ನು ಮಾಡಿದವರು ನೀವಲ್ಲ, ಓದುಗ. ತಾನೇ ಮಾಡಿದ್ದನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ.

1934ರಲ್ಲಿ ಪ್ಯಾರಿಸ್ಸಿನಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ ಹೊರತಂದ ಪುಸ್ತಕದಲ್ಲಿ 182 ಚಿತ್ರಗಳಿವೆ. ಹಳೆಯ ಕಾದಂಬರಿಗಳ ಅಚ್ಚಿನ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಮಾಡಿದ್ದು. ಕೋಟು ತೊಟ್ಟ ಗಂಡಸರಿಗೆ ಸಿಂಹದ ತಲೆ, ಹಕ್ಕಿಯ ತಲೆ. ಗ್ರಾಫಿಕ್ ಕಾದಂಬರಿ ಎಂಬ ಹೆಸರು ಹುಟ್ಟುವ ಮುಂಚಿನ ಗ್ರಾಫಿಕ್ ಕಾದಂಬರಿ ಅದು. ಕತ್ತರಿ, ಗೋಂದು, ರದ್ದಿ ಪುಸ್ತಕ ಸಾಕಾಗಿತ್ತು ಅವರಿಗೆ. ಟ್ಯಾಬ್ಲೆಟ್ ಇಲ್ಲ ಅಂತ ಕೊರಗುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮವರಿಗೆ ಅರ್ಥವಾಗುವುದಿಲ್ಲ ಎಂಬ ಮಾತು. ಇದನ್ನು ನಾನು ಒಪ್ಪುವುದೇ ಇಲ್ಲ. ಕೋಳಿಯ ಹೊಟ್ಟೆಯೊಳಗೆ ಕೋತಿ ಹೋಯಿತು ಎಂದು ಶಿಶುನಾಳ ಶರೀಫರು ಹತ್ತೊಂಬತ್ತನೇ ಶತಮಾನದಲ್ಲಿ ಹಾಡಿದರು. ಆ ಪದ ಗೊತ್ತಿಲ್ಲದ ಕನ್ನಡಿಗರು ಎಷ್ಟು ಜನ ಇದ್ದಾರು? ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲೂ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಕೋಳಿ ಅಂದರೆ ಏನು, ಕೋತಿ ಅಂದರೆ ಏನು ಎಂದು ಕೇಳಿ ತಿಳಿದ ಮೇಲೆ ಯಾರೂ ತಲೆದೂಗುವುದಿಲ್ಲ. ಮೊದಲು ತಲೆದೂಗುತ್ತಾರೆ, ಅರ್ಥ ಆಮೇಲೆ ಬೇಕಾದಾಗ ಬರುತ್ತದೆ. ಶರೀಫರಿಗೂ ಏಳುನೂರು ವರ್ಷ ಹಿಂದೆ ಅಲ್ಲಮಪ್ರಭು ಬೆಡಗಿನ ವಚನಗಳನ್ನು ಹೇಳಿದರು. ಒಂದು ಚಿತ್ರದ ಮೇಲೆ ಮತ್ತೊಂದು ಚಿತ್ರ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡು ಕೊನೆಗೆ ಮೈ ಜುಂ ಅನ್ನಿಸುವ ಮಾತುಗಳು. ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತಾನ್ ಸರ್ರಿಯಲಿಸಮ್ಮಿನ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ. ನಮ್ಮಲ್ಲಿ ಪ್ರಣಾಳಿಕೆ ಇರಲಿಲ್ಲ, ಕೆಲಸ ನಡೆದಿತ್ತು.

ಬಾದಾಮಿಗೆ ಹೋದರೆ ಮೊದಲನೇ ಗುಹೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎಲ್ಲರೂ ಬಲಗಡೆಯ ಹದಿನೆಂಟು ಕೈಯ ನಟರಾಜನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೂ ನೋಡಬೇಕಾದದ್ದೇ. ಹದಿನೆಂಟು ಕೈ ಇರುವ ಒಂದು ಮೈ ಎಂದು ನೋಡಬಹುದು. ಒಂದೇ ಕೈ ಚಲಿಸಿದ ದಾರಿಯೆಲ್ಲ ಕಲ್ಲಲ್ಲಿ ಉಳಿದಿದೆ ಎಂದೂ ನೋಡಬಹುದು. ಆದರೆ ನಿಮಗೆ ನಾನು ತೋರಿಸಬೇಕೆಂದಿರುವುದು ಎಡಗಡೆಯ ದ್ವಾರಪಾಲಕನ ಕಾಲ ಬಳಿ ಇದೆ. ಒಂದು ಆನೆ, ಒಂದು ಗೂಳಿ, ಎರಡಕ್ಕೂ ಸೇರಿ ಒಂದೇ ತಲೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಗೂಳಿ. ಅಂಗೈಯಿಂದ ಒಂದು ಮೈಯನ್ನು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ಅದೇ ಗೆರೆ, ಅದೇ ಕಣ್ಣು, ಪ್ರಾಣಿ ಮಾತ್ರ ಬೇರೆ. ಆರನೇ ಶತಮಾನದ ಕಲ್ಕುಟಿಗ ಓದುವವನ ಕೈಗೇ ಕೆಲಸ ಕೊಟ್ಟಿದ್ದಾನೆ. ನಾನು ಮೇಲೆ ಹೇಳಿದ ಬಿಳಿ ಗೆರೆಯ ಕೆಲಸವನ್ನು ಇಲ್ಲಿ ನಮ್ಮ ಅಂಗೈ ಮಾಡುತ್ತದೆ.

ಸಾಲಾಗಿ ಚೌಕ ಜೋಡಿಸಿ ಕಥೆ ಹೇಳುವುದು ನೋಡಬೇಕೆಂದರೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಬೇಕು. 1196ರ ಹೊಯ್ಸಳ ಗುಡಿ. ಅಮೃತೇಶ್ವರನ ತೆರೆದ ಮಂಟಪದ ಹೊರಗೋಡೆಯ ಸುತ್ತ 140 ಫಲಕಗಳಿವೆ. ದಕ್ಷಿಣದ ಗೋಡೆಯ ಎಪ್ಪತ್ತರಲ್ಲಿ ರಾಮಾಯಣ, ಅದು ಪ್ರದಕ್ಷಿಣೆಗೆ ಉಲ್ಟಾ ದಿಕ್ಕಿನಲ್ಲಿ ಸಾಗುತ್ತದೆ. ಉತ್ತರದ ಗೋಡೆಯಲ್ಲಿ ಇಪ್ಪತ್ತೈದು ಕೃಷ್ಣನ ಕಥೆಗೆ, ಉಳಿದ ನಲವತ್ತೈದು ಮಹಾಭಾರತಕ್ಕೆ, ಅವು ಪ್ರದಕ್ಷಿಣೆಯ ದಿಕ್ಕಿಗೇ ಹೋಗುತ್ತವೆ. ಜಪಾನಿನ ಮಂಗಾ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ನೀವು ಗೆಳೆಯರಿಗೆ ಹೆಮ್ಮೆಯಿಂದ ಹೇಳಿಕೊಡುತ್ತೀರಲ್ಲ, ಇಲ್ಲಿ ಒಂದೇ ಗುಡಿಯಲ್ಲಿ ಎರಡು ಓದುವ ದಿಕ್ಕುಗಳಿವೆ, ಕಥೆ ತಿಳಿಯಬೇಕಾದರೆ ಓದುಗ ತನ್ನ ಮೈಯನ್ನೇ ತಿರುಗಿಸಿಕೊಂಡು ನಡೆಯಬೇಕು. ತೊಗಲುಗೊಂಬೆಯವರದ್ದು ಇನ್ನೊಂದು ಬಗೆಯ ಜಾಣ್ಮೆ. ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನೇ ಕತ್ತರಿಸಿಬಿಡುತ್ತಾರೆ. ರಾಜನ ಗೊಂಬೆ ದೊಡ್ಡದು, ಆಳಿನ ಗೊಂಬೆ ಚಿಕ್ಕದು. ಯಾರು ಹತ್ತಿರ ಇದ್ದಾರೆ ಅನ್ನುವುದಕ್ಕಿಂತ ಯಾರ ಕೈ ಮೇಲಾಗಿದೆ ಅನ್ನುವುದನ್ನು ಗಾತ್ರ ಹೇಳುತ್ತದೆ. ಆಫೀಸು, ಸ್ಕೂಲು, ಮನೆ, ಯಾವುದನ್ನು ಬಿಡಿಸಿದರೂ ಈ ಉಪಾಯ ನಿಮ್ಮ ಕೈಯಲ್ಲಿರಲಿ.

ನನ್ನ ವಯಸ್ಸಿನವರಿಗೆ ವಿಚಿತ್ರವನ್ನು ಸಲೀಸಾಗಿ ಹೇಳುವುದರ ಮೊದಲ ಪಾಠ ಆದದ್ದು 'ಚಂದಮಾಮ' ಪತ್ರಿಕೆಯ ಬೇತಾಳ ಕಥೆಯ ತಲೆಚಿತ್ರದಲ್ಲಿ. ಶಂಕರ್ ಅವರು ಬರೆದದ್ದು. ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಸುತ್ತ ಮಸಣ, ಮುಂದೆ ನಡೆಯುವ ತ್ರಿವಿಕ್ರಮ. ಆ ಹೆಣ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಮನೆಯಲ್ಲಿ ಯಾರೂ ಅದನ್ನು ತಲೆಬುಡವಿಲ್ಲದ್ದು ಅನ್ನಲಿಲ್ಲ. 2020ರಲ್ಲಿ ತೀರಿಹೋಗುವವರೆಗೂ ಶಂಕರ್ ಅವರ ಹೆಸರು ಆ ಒಂದು ಚಿತ್ರದೊಂದಿಗೇ ಅಂಟಿಕೊಂಡಿತ್ತು.

ಹಾಗಾದರೆ ಕನ್ನಡದ ಕಾಮಿಕ್ಸು ಎಲ್ಲಿ ನಿಂತುಬಿಟ್ಟಿತು? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಅದನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಅವರು ಕಾರ್ಕಳದವರು. ಆ ಪುಸ್ತಕಗಳ ಋಣ ನಮ್ಮ ಮೇಲೆ ದೊಡ್ಡದಿದೆ. ಆದರೂ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಅಲ್ಲಿ ಹತ್ತು ತಲೆಯ ರಾವಣ ಇದ್ದಾನೆ, ಬೆಟ್ಟ ಹೊತ್ತ ಹನುಮಂತ ಇದ್ದಾನೆ, ಆದರೆ ಪ್ರತಿ ಚಿತ್ರದ ತಲೆಯ ಮೇಲೂ ಒಂದು ಪೆಟ್ಟಿಗೆ ಕುಳಿತು ಎಲ್ಲವನ್ನೂ ವಿವರಿಸಿಬಿಡುತ್ತದೆ. ಬಿಳಿ ಗೆರೆಯಲ್ಲಿ ಓದುಗನಿಗೆ ಏನೂ ಉಳಿಯುವುದಿಲ್ಲ. ನೀತಿ ಹೇಳುವ ಆತುರ ವಿಸ್ಮಯಕ್ಕೆ ಜಾಗ ಕೊಡಲಿಲ್ಲ. ಚಿತ್ರಕಥೆ ಎಂದರೆ ಮಕ್ಕಳಿಗೆ ಪಾಠ ಎಂಬ ಭಾವನೆ ನಮ್ಮ ಪ್ರಕಾಶನದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಗದ್ಯ ಮಾತ್ರ ಮುಂದೆ ಹೋಯಿತು. ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರಲ್ಲಿ ಬಂತು. ಅದರಲ್ಲಿ ರಾತ್ರಿ ಊರಿನ ಮನೆಗಳ ದೀಪಗಳೆಲ್ಲ ಜ್ಯೋತಮ್ಮಗಳಾಗಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಆ ರಾತ್ರಿಯನ್ನು ಚೌಕಗಳಲ್ಲಿ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ.

ನಮ್ಮ ಬೆಂಗಳೂರಲ್ಲೇ ಇದ್ದು ಇಂಥ ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಿದವರು ಅಪ್ಪುಪೆನ್. ಜಾರ್ಜ್ ಮ್ಯಾಥನ್ ಅವರ ನಿಜವಾದ ಹೆಸರು. ಅವರು ಹಾಲಾಹಲ ಎಂಬ ಲೋಕವನ್ನೇ ಕಟ್ಟಿದ್ದಾರೆ. 2009ರ 'ಮೂನ್‌ವರ್ಡ್', 2013ರ 'ಲೆಜೆಂಡ್ಸ್ ಆಫ್ ಹಾಲಾಹಲ', 2018ರ 'ದಿ ಸ್ನೇಕ್ ಅಂಡ್ ದಿ ಲೋಟಸ್', ಎಲ್ಲವೂ ಆ ಲೋಕದ ಕಥೆಗಳೇ. 'ಲೆಜೆಂಡ್ಸ್'ನ ಐದು ಪ್ರೇಮಕಥೆಗಳಲ್ಲಿ ಮಾತೇ ಇಲ್ಲ. ಮಾತಿಲ್ಲದ ಪುಸ್ತಕಕ್ಕೆ ಭಾಷೆಯ ಗಡಿ ಇಲ್ಲ, ಜರಗನಹಳ್ಳಿಯ ಅಜ್ಜಿಯೂ ಅದನ್ನು ಓದಬಹುದು. ಹಾಲಾಹಲದ ವಿಚಿತ್ರ ಪ್ರಾಣಿಗಳ ಹಿಂದೆ ನಮ್ಮದೇ ಜಾಹೀರಾತು, ನಮ್ಮದೇ ದುರಾಸೆ, ನಮ್ಮದೇ ನಾಯಕಪೂಜೆ ಇದೆ.

ಇನ್ನೊಂದು ಪುಸ್ತಕ, ನಾನು ಯಾರ ಕೈಗಾದರೂ ಮೊದಲು ಕೊಡುವುದು 2011ರ 'ಭೀಮಾಯಣ'. ಅಂಬೇಡ್ಕರರ ಬದುಕಿನ ಕಥೆ. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ತಮ್ಮ ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಅವರಿಗೆ ಇಷ್ಟವಿರಲಿಲ್ಲ, ಹಾಗಾಗಿ ಚೌಕಗಳೇ ಇಲ್ಲ. ಮನೆಯ ನೆಲ, ಗೋಡೆಗೆ ಬರೆಯುವ ದಿಗ್ನಾ ಗೆರೆಗಳು ಬಳುಕುತ್ತಾ ಪುಟವನ್ನು ಬೇರ್ಪಡಿಸುತ್ತವೆ. ಮಾತಿನ ಬಲೂನುಗಳನ್ನು ನೋಡಿ. ಮೆತ್ತಗಿನ ಮಾತು ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ತುಂಬಿದ ಮಾತಿನ ಬಲೂನಿಗೆ ಚೇಳಿನ ಕೊಂಡಿ ಇದೆ. ನೀರು ಕೇಳಿದ ಹುಡುಗನಿಗೆ ಆ ಕೊಂಡಿ ಚುಚ್ಚುವುದನ್ನು ನೋಡಿದ ಮೇಲೆ, ವಿಚಿತ್ರ ಚಿತ್ರ ಎಂದರೆ ನಿಜದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ನನಗೆ ಯಾರೂ ಹೇಳಲಾರರು. ಬೈದದ್ದನ್ನು ಬರೆದರೆ ಬೈಗುಳ ತಿಳಿಯುತ್ತದೆ. ಕೊಂಡಿಯನ್ನು ಬರೆದರೆ ಅದು ಒಳಗೆ ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದೂ ತಿಳಿಯುತ್ತದೆ.

ಆಸ್ಟ್ರೇಲಿಯಾದ ಶಾನ್ ಟಾನ್ 2006ರಲ್ಲಿ ತಂದ 'ದಿ ಅರೈವಲ್' ಕೂಡ ಹೀಗೇ. ಹೆಂಡತಿ ಮಗಳನ್ನು ಬಿಟ್ಟು ದುಡಿಮೆಗೆ ದೂರದ ಊರಿಗೆ ಹೋದವನ ಕಥೆ. ಆ ಊರಿನ ಬೋರ್ಡುಗಳಲ್ಲಿರುವ ಲಿಪಿ ಯಾವ ದೇಶದ್ದೂ ಅಲ್ಲ, ಕಲಾವಿದರು ಕಲ್ಪಿಸಿದ್ದು. ಆದ್ದರಿಂದ ಅವನಿಗೆ ಓದಲು ಬಾರದ್ದು ನಮಗೂ ಬಾರದು. ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವವರು ಈ ಊರನ್ನು ಹೇಗೆ ನೋಡುತ್ತಾರೆ ಎಂದು ಆ ಪುಸ್ತಕ ಓದಿದ ಮೇಲೆ ನಾನು ಯೋಚಿಸಲು ಶುರುಮಾಡಿದೆ.

ಈಗ ನಮ್ಮೂರಿಗೇ ಬರುತ್ತೇನೆ. ಟೋಕಿಯೋದ ಬೀದಿ ನಿಮಗೇಕೆ? 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತದೆ. ನೀವಾಗ ಚಿಕ್ಕವರು. ಕಾಗದಪತ್ರ ಸರಿಯಿದೆ ಎಂದು ನಂಬಿ ಮನೆ ಕಟ್ಟಿಕೊಂಡವರ ಗೋಡೆಗಳು ಉರುಳಿದವು. ಹಳೆಯ ನಕ್ಷೆಯೊಳಗಿನ ಕೆರೆಯೊಂದು ಎದ್ದು ಬಂದು ಅಡುಗೆಮನೆಯ ನಡುವೆ ನಿಂತು ಇದು ನನ್ನ ಜಾಗ ಅಂದಿತು. ಕೆರೆ ಹೇಳಿದ್ದೂ ನಿಜ, ಮನೆ ಕಳೆದುಕೊಂಡವರ ಅಳುವೂ ನಿಜ. ಇದನ್ನು ವರದಿಯಲ್ಲಿ ಬರೆದರೆ ಎರಡರಲ್ಲಿ ಒಂದು ಪಕ್ಷ ಹಿಡಿಯಬೇಕಾಗುತ್ತದೆ. ಬಾದಾಮಿಯ ಆನೆ-ಗೂಳಿಯ ಹಾಗೆ ಬಿಡಿಸಿದರೆ ಒಂದೇ ಗೆರೆಯಲ್ಲಿ ಎರಡೂ ಇರುತ್ತವೆ.

2017ರ ಜೂನ್‌ನಲ್ಲಿ ಮೆಟ್ರೋ ಯಲಚೇನಹಳ್ಳಿವರೆಗೆ ಬಂತು. ರಾತ್ರಿ ರೈಲಿನಿಂದ ಕೆಳಗೆ ನೋಡಿ, ಮೂರನೇ ಮಹಡಿಯ ದೇವರಮನೆಯೂ ನೆಲದ ಮೇಲಿನ ಹಳೇ ಹೆಂಚಿನ ಮನೆಯೂ ಒಂದೇ ಕಿಟಕಿಯ ಚೌಕದಲ್ಲಿ ಬಂದು ಹೋಗುತ್ತವೆ. ಕಟ್ಟುತ್ತಿರುವ ಪ್ರತಿ ಕಟ್ಟಡದ ಮೇಲೂ ಕೋರೆಹಲ್ಲಿನ ದೃಷ್ಟಿಬೊಂಬೆ ತೂಗುತ್ತಿದೆ. ಮನೆ ಮುಗಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ? ಬನಶಂಕರಿ ಗುಡಿಯಲ್ಲಿ ರಾಹುಕಾಲದಲ್ಲಿ ಹೆಂಗಸರು ನಿಂಬೆಹಣ್ಣನ್ನು ಹೋಳು ಮಾಡಿ, ಒಳಹೊರಗು ಮಾಡಿ, ಎಣ್ಣೆ ಬತ್ತಿ ಇಟ್ಟು ಹಚ್ಚುತ್ತಾರೆ. ಹಣ್ಣು ದೀಪವಾಗುವುದನ್ನು ಚಿಕ್ಕಂದಿನಿಂದ ನೋಡಿರುವ ನಿಮಗೆ ಬೇರೆ ಕಲ್ಪನಾಲೋಕವನ್ನು ಎರವಲು ತರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಹನಿಗವನಗಳ ಜರಗನಹಳ್ಳಿ ಶಿವಶಂಕರ್ ಈ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡವರು. ಮೂರು ನಾಲ್ಕು ಸಾಲಿನಲ್ಲಿ ಹೇಳಿ ನಿಲ್ಲಿಸುವುದು ಹೇಗೆ ಎಂದು ತೋರಿಸಿಕೊಟ್ಟರು. 2021ರಲ್ಲಿ ತೀರಿಕೊಂಡರು. ಮೂರು ನಾಲ್ಕು ಚೌಕದಲ್ಲಿ ನಿಲ್ಲಿಸುವ ಹದವನ್ನು ಅವರ ಪುಸ್ತಕಗಳಿಂದ ಕಲಿಯಬಹುದು.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಬರೀ ವಿಚಿತ್ರ ಯಾರನ್ನೂ ಬಹಳ ಹೊತ್ತು ಹಿಡಿಯುವುದಿಲ್ಲ. ಈಗಂತೂ ಎರಡು ಸಾಲು ಟೈಪ್ ಮಾಡಿದರೆ ಎಐ ಕ್ಷಣದಲ್ಲಿ ಮೀನುತಲೆಯ ಮನುಷ್ಯನನ್ನು ಕೊಡುತ್ತದೆ. ಆದರೆ ಆ ಮೀನುತಲೆಯವನು ಯಾಕೆ ಮನೆಗೆ ತಡವಾಗಿ ಬಂದ, ಅವನ ಹೆಂಡತಿ ಏನು ನೋಡಿಯೂ ನೋಡದ ಹಾಗೆ ತಟ್ಟೆ ಇಟ್ಟಳು, ಇದನ್ನು ಬಲ್ಲವರು ನೀವು. ಕಥೆಯಲ್ಲಿ ಒಂದು ಕಟ್ಟಳೆ ಇರಲಿ. ಒಂದನ್ನೇ ಬದಲಿಸಿ, ಉಳಿದದ್ದೆಲ್ಲ ಯಥಾಪ್ರಕಾರ ನಡೆಯಲಿ. ನೀಮೋನ ಮಂಚದ ಕಾಲು ಉದ್ದವಾಯಿತು, ಅಷ್ಟೆ.

ಇನ್ನು ನನ್ನ ಕಸುಬಿನ ಮಾತು, ಇದನ್ನು ನಿಮಗೆ ಬೇರೆ ಯಾರೂ ಹೇಳಿಕೊಡುವುದಿಲ್ಲ. ಕನ್ನಡವನ್ನು ಬಲೂನಿನಲ್ಲಿ ಕೂರಿಸುವುದು ಕಷ್ಟ ಎಂದು ನೀವು ಹೇಳುವುದು ಸುಳ್ಳಲ್ಲ. 'ರಾಷ್ಟ್ರ' ಎಂದು ಬರೆದು ನೋಡಿ, ಒಂದು ಅಕ್ಷರದ ಕೆಳಗೆ ಎರಡು ಒತ್ತು ತೂಗುತ್ತವೆ. ಇಂಗ್ಲಿಷಿನ ಲೆಕ್ಕದಲ್ಲಿ ಸಾಲುಗಳ ನಡುವೆ ಅಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅದಕ್ಕೇ ಮೊದಲು ಅಕ್ಷರ ಬರೆಯಿರಿ, ಅದರ ಸುತ್ತ ಬಲೂನು ಎಳೆಯಿರಿ. ಬಲೂನು ಎಳೆದು ಆಮೇಲೆ ಅಕ್ಷರ ತುರುಕಬೇಡಿ. ನಮ್ಮ ಪದಗಳೂ ಉದ್ದ. 'ಹೋಗಬೇಕಾಗಿತ್ತಲ್ಲವೇ' ಒಂದೇ ಬಲೂನಿನ ಅಗಲವನ್ನೆಲ್ಲ ತಿನ್ನುತ್ತದೆ. ನಿಮ್ಮ ಮನೆಯವರು ಆಡುವ ಹಾಗೆ 'ಹೋಗ್ಬೇಕಿತ್ತಲ್ವಾ' ಎಂದು ಬರೆದರೆ ಜಾಗವೂ ಉಳಿಯುತ್ತದೆ, ಮಾತಿಗೆ ಜೀವವೂ ಬರುತ್ತದೆ. ಕಂಪ್ಯೂಟರಿನ ಫಾಂಟಿಗಿಂತ ಕೈಬರಹ ಎಷ್ಟೋ ಪಾಲು ಮೇಲು. ಗುಂಡಗಿನ ನಮ್ಮ ಅಕ್ಷರ ಬ್ರಷ್ಷಿಗೆ ಚೆನ್ನಾಗಿ ಒಗ್ಗುತ್ತದೆ.

ಸದ್ದಿನ ವಿಷಯದಲ್ಲಿ ಕನ್ನಡದಷ್ಟು ಅನುಕೂಲ ಯಾವ ಭಾಷೆಯಲ್ಲಿದೆ? ದಬದಬ, ಧಡಾರ್, ಚಟಪಟ, ಗಳಗಳ. ಸದ್ದೇ ಇಲ್ಲದ್ದಕ್ಕೂ ನಮ್ಮಲ್ಲಿ ಅನುಕರಣದ ಪದಗಳಿವೆ. ಕಣ್ಣು ಪಿಳಿಪಿಳಿ ಬಿಡುತ್ತದೆ, ದೀಪ ಮಿಣಮಿಣ ಅನ್ನುತ್ತದೆ, ಮೈ ಜುಂ ಅನ್ನುತ್ತದೆ. ಜಪಾನಿಯರು ಮಂಗಾದಲ್ಲಿ ಮೌನವನ್ನೂ ಸದ್ದಿನ ಪದವಾಗಿ ಬರೆಯುತ್ತಾರೆ, ನೀವು ಅದನ್ನು ನೋಡಿ ಬೆರಗಾಗುತ್ತೀರಿ. ಪಿಳಿಪಿಳಿಯನ್ನು ಪುಟದ ಅಗಲಕ್ಕೂ ದೊಡ್ಡದಾಗಿ ಬರೆದು, ಕತ್ತಲ ರೂಮಿನಲ್ಲಿ ಎರಡೇ ಕಣ್ಣು ಬಿಡಿಸಿ ನೋಡಿ.

ಪ್ರಕಾಶಕರು ಸಿಗುತ್ತಾರೋ ಇಲ್ಲವೋ ಎಂದು ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎ-ಫೋರ್ ಹಾಳೆಯನ್ನು ಮೂರು ಸಲ ಮಡಚಿ, ಬಿಚ್ಚಿ, ನಡುವೆ ಒಂದು ಸೀಳು ಕೊಟ್ಟು ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕವಾಗುತ್ತದೆ. ಹಾಳೆಯ ಒಂದೇ ಮಗ್ಗುಲಿಗೆ ಝೆರಾಕ್ಸ್ ಸಾಕು, ಪಿನ್ನು ಹೊಡೆಯುವುದೂ ಬೇಡ. ಮುಖಪುಟ ಒಂದು, ಬೆನ್ನಪುಟ ಒಂದು, ಕಥೆಗೆ ಆರು. ಆನೆ-ಗೂಳಿಯೋ, ಎದ್ದು ಬಂದ ಕೆರೆಯೋ, ದೃಷ್ಟಿಬೊಂಬೆಯ ಸಂಸಾರವೋ, ಆರು ಪುಟದಲ್ಲಿ ಹೇಳಿ. ಬಲೂನಿನೊಳಗೆ ಕನ್ನಡ ಇರಲಿ. ಒತ್ತು ಕೂರದಿದ್ದರೆ ಹಾಳೆ ತನ್ನಿ, ಇಬ್ಬರೂ ಕೂತು ಸರಿಮಾಡೋಣ.

ಪ್ರೀತಿಯಿಂದ,
ಜರಗನಹಳ್ಳಿಯ ಪುಟ ಕಟ್ಟುವವನು